ತತ್ತ್ವ ಕಡಿಮೆ ಇರಲಿ, ಕಥೆ ಇರಲಿ

ಅಜ್ಜನ ಮನೆಯನ್ನು ಮಾರುವ ಮುಂಚಿನ ವಾರ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಡೆದ ಒರಳು, ಹಿಡಿ ಕಳೆದುಕೊಂಡ ಕೊಡೆಗಳು, ಯಾರ ಮದುವೆಯದೋ ತಿಳಿಯದ ಹಿತ್ತಾಳೆ ಹಂಡೆ. ಇವುಗಳ ಹಿಂದೆ, ಗೋಡೆಗೆ ಒತ್ತಿಕೊಂಡು, ತೆಂಗಿನ ಹುರಿಯಲ್ಲಿ ಕಟ್ಟಿದ ನಾಲ್ಕು ಪತ್ರಿಕೆಯ ಕಟ್ಟುಗಳು. ಹುರಿ ಬಿಚ್ಚಲು ಹೋದರೆ ಕೈಯಲ್ಲೇ ಪುಡಿಯಾಯಿತು. ಒಳಗಿದ್ದುದು ‘ಪ್ರಬುದ್ಧ ಭಾರತ’ದ ಸಂಚಿಕೆಗಳು. ಇಂಗ್ಲಿಷ್ ಮಾಸಪತ್ರಿಕೆ. ಐವತ್ತು ಮತ್ತು ಅರವತ್ತರ ದಶಕದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಗೆದ್ದಲಿಗೂ ಒಂದು ರುಚಿ ಇರಬೇಕು, ಅಂಚುಗಳನ್ನು ಮಾತ್ರ ತಿಂದು ಅಕ್ಷರಗಳನ್ನು ಬಿಟ್ಟಿತ್ತು.

ಈ ಹೆಸರು ನನಗೆ ಬಾಲ್ಯದಿಂದ ಗೊತ್ತು. ಅಜ್ಜ ಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ತಿಂಗಳಿಗೊಮ್ಮೆ ಅಂಚೆಯವರು ಕಾಗದದ ಪಟ್ಟಿ ಸುತ್ತಿದ ಪತ್ರಿಕೆಯನ್ನು ತಂದುಕೊಟ್ಟರೆ ಅದನ್ನು ಹರಿಯದೆ, ಬೆರಳಿನಿಂದ ಮೆಲ್ಲಗೆ ಜಾರಿಸಿ ತೆಗೆಯುತ್ತಿದ್ದರು. ಆ ಪಟ್ಟಿ ಆಮೇಲೆ ಮನೆಯ ಲೆಕ್ಕ ಬರೆಯಲು ಉಪಯೋಗಕ್ಕೆ ಬರುತ್ತಿತ್ತು. ಆಗ ನಾನು ಆ ಹೆಸರನ್ನು ಅರ್ಥ ಮಾಡಿಕೊಂಡಿದ್ದೇ ಬೇರೆ. ಕನ್ನಡದಲ್ಲಿ ಪ್ರಬುದ್ಧ ಎಂದರೆ ಬಲಿತ, ಪಕ್ವವಾದ, ತಿಳಿವಳಿಕೆ ಬಂದ ಎಂದಲ್ಲವೇ? ‘ಹುಡುಗ ಪ್ರಬುದ್ಧನಾಗಿ ಮಾತಾಡುತ್ತಾನೆ’ ಎನ್ನುತ್ತೇವೆ. ದೊಡ್ಡವರ ಭಾರತ, ಮಕ್ಕಳು ಮುಟ್ಟಬಾರದ್ದು ಎಂದುಕೊಂಡಿದ್ದೆ. ಸಂಸ್ಕೃತದಲ್ಲಿ ಅದರ ಅರ್ಥ ‘ಎಚ್ಚೆತ್ತ’ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಮಲಗಿದ್ದು ಈಗ ತಾನೇ ಎದ್ದು ಕಣ್ಣುಜ್ಜಿಕೊಳ್ಳುತ್ತಿರುವ ಭಾರತ. ನಾನು ಕಲ್ಪಿಸಿಕೊಂಡಿದ್ದ ಗಡ್ಡದ ಹಿರಿಯರಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಅಟ್ಟದ ಧೂಳಿನಲ್ಲಿ ಕುಳಿತು ಪುಟ ತಿರುವಿದಾಗ ನನ್ನೊಳಗಿನ ಹಳೆಯ ಚಾಳಿ ಎದ್ದಿತು. ನಾನೂ ಒಂದು ಕಾಲಕ್ಕೆ ಪತ್ರಿಕೆಯಲ್ಲಿ ಕೆಲಸ ಮಾಡಿದವನು. ಚಿಕ್ಕದೊಂದು ವೈಚಾರಿಕ ಮಾಸಪತ್ರಿಕೆ. ಹೆಸರು ಬೇಡ, ಈಗ ಅದು ಇಲ್ಲ. ಕರಡು ತಿದ್ದುವುದು, ಚಂದಾ ಮುಗಿದವರಿಗೆ ಕಾರ್ಡು ಬರೆಯುವುದು, ಲೇಖಕರಿಗೆ ನೆನಪೋಲೆ ಕಳಿಸುವುದು, ಎಲ್ಲವೂ ನನ್ನದೇ. ನಾವು ನಾಲ್ಕು ವರ್ಷ ನಡೆಸಿ ಸುಸ್ತಾದೆವು. ಹಾಗಿರುವಾಗ, ಸಾಮಾನ್ಯ ಓದುಗನಿಗಾಗಿ ತತ್ತ್ವಶಾಸ್ತ್ರ ಹೇಳುತ್ತೇನೆ ಎಂದು ಹೊರಟ ಪತ್ರಿಕೆಯೊಂದು 1896ರಿಂದ ಇವತ್ತಿನವರೆಗೂ ಬರುತ್ತಲೇ ಇದೆ ಎಂದರೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ಅದರ ಹುಟ್ಟನ್ನು ಹುಡುಕಿಕೊಂಡು ಹೋದೆ. ಹೋದದ್ದು ಮದರಾಸಿಗೆ ಎಂದುಕೊಂಡಿದ್ದೆ. ಮೊದಲ ಹೆಜ್ಜೆಗೇ ಚಿಕ್ಕಮಗಳೂರು ಸಿಕ್ಕಿತು.

ಅಳಸಿಂಗ ಪೆರುಮಾಳ್ ಹುಟ್ಟಿದ್ದು 1865ರಲ್ಲಿ, ಚಿಕ್ಕಮಗಳೂರಿನಲ್ಲಿ. ಮಂಡಯಂ ಅಯ್ಯಂಗಾರರ ಮನೆತನ. ಓದು, ಉದ್ಯೋಗ ಎಲ್ಲ ಮದರಾಸಿನಲ್ಲಿ. ಅಲ್ಲಿ ಪಚ್ಚಯ್ಯಪ್ಪ ಸಂಸ್ಥೆಯಲ್ಲಿ ಮೇಷ್ಟರು. ವಿವೇಕಾನಂದರನ್ನು 1893ರಲ್ಲಿ ಚಿಕಾಗೋಗೆ ಕಳಿಸಲು ಮನೆಮನೆ ತಿರುಗಿ ಚಂದಾ ಎತ್ತಿದವರಲ್ಲಿ ಇವರೇ ಮುಂದಾಳು. ಎರಡು ವರ್ಷದ ಮೇಲೆ, 1895ರ ಸೆಪ್ಟೆಂಬರಿನಲ್ಲಿ, ಗುರುಗಳ ಒತ್ತಾಸೆಯಿಂದ ‘ಬ್ರಹ್ಮವಾದಿನ್’ ಎಂಬ ಪತ್ರಿಕೆ ತೆಗೆದರು. ಮೊದಲಿಗೆ ಪಾಕ್ಷಿಕ. ಸಂಸಾರ, ಮೇಷ್ಟರ ಸಂಬಳ, ಅದರ ಮೇಲೆ ಪತ್ರಿಕೆ. ಇದರ ರುಚಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

ಅಳಸಿಂಗರ ಒಂದು ಚಿತ್ರ ವಿವೇಕಾನಂದರ ಬಂಗಾಳಿ ಪ್ರವಾಸಕಥನದಲ್ಲಿದೆ. 1899ರ ಜೂನ್. ಎರಡನೆಯ ಸಲ ಪಶ್ಚಿಮಕ್ಕೆ ಹೊರಟ ವಿವೇಕಾನಂದರ ಹಡಗು ಮದರಾಸಿಗೆ ಬಂದಿದೆ. ಪ್ಲೇಗಿನ ಕಟ್ಟಳೆಯಿಂದಾಗಿ ಕಲ್ಕತ್ತೆಯಿಂದ ಬಂದ ಭಾರತೀಯರು ದಡಕ್ಕೆ ಇಳಿಯುವಂತಿಲ್ಲ. ಅಳಸಿಂಗರಿಗೆ ‘ಬ್ರಹ್ಮವಾದಿನ್’ ಬಗ್ಗೆ ಮಾತಾಡಲೇಬೇಕಾದ ವಿಷಯಗಳಿವೆ. ಏನು ಮಾಡಿದರು? ಕೊಲಂಬೊವರೆಗೆ ಟಿಕೆಟ್ ಕೊಂಡು ಹಡಗು ಹತ್ತಿಬಿಟ್ಟರು! ತಲೆ ಬೋಳಿಸಿ, ಹಣೆಗೆ ತೆಂಕಲೆ ನಾಮ ಹಾಕಿ, ಪ್ರಯಾಣದ ಬುತ್ತಿಯೆಂದು ಎರಡು ಗಂಟು ಕಟ್ಟಿಕೊಂಡು ಬಂದಿದ್ದ ಈ ಮೈಸೂರಿನ, ಸಾರನ್ನ ಪ್ರಿಯ ಬ್ರಾಹ್ಮಣನನ್ನು ವಿವೇಕಾನಂದರು ಅಕ್ಕರೆಯಿಂದ ಗೇಲಿ ಮಾಡಿದ್ದಾರೆ. ಒಂದು ಗಂಟಿನಲ್ಲಿ ಹುರಿದ ಅವಲಕ್ಕಿ, ಇನ್ನೊಂದರಲ್ಲಿ ಪುರಿ ಮತ್ತು ಹುರಿದ ಬಟಾಣಿ. ಹಡಗಿನ ಊಟ ಮುಟ್ಟಿದರೆ ಜಾತಿ ಹೋಗುತ್ತದಲ್ಲ! ಇಂಥ ನಿಸ್ವಾರ್ಥಿ, ಇಂಥ ದುಡಿಮೆಗಾರ ಜಗತ್ತಿನಲ್ಲಿ ಅಪರೂಪ ಎಂದೂ ಅಲ್ಲಿಯೇ ಬರೆದಿದ್ದಾರೆ. ಸಂಪಾದಕೀಯ ಸಭೆಗೆ ಸಮುದ್ರ ದಾಟಿದ ಸಂಪಾದಕರು ಎಷ್ಟು ಜನರಿದ್ದಾರೋ. ಅವಲಕ್ಕಿ ಗಂಟಿನೊಂದಿಗೆ ದಾಟಿದವರು ಇವರೊಬ್ಬರೇ ಇರಬೇಕು.

ಆದರೆ ‘ಬ್ರಹ್ಮವಾದಿನ್’ ಭಾರವಾದ ಪತ್ರಿಕೆ. ಪಂಡಿತರು ಪಂಡಿತರಿಗೆ ಬರೆದದ್ದು. ಸಂಸ್ಕೃತದ ಉದ್ಧರಣೆ, ಭಾಷ್ಯದ ಚರ್ಚೆ, ಶಾಸ್ತ್ರದ ಪರಿಭಾಷೆ. ಅದನ್ನು ತೆಗೆದು ಓದಬಲ್ಲವರು ಎಷ್ಟು ಮಂದಿ? ಮದರಾಸಿನ ಇನ್ನೊಬ್ಬ ಶಿಷ್ಯ, ವೈದ್ಯರಾದ ನಂಜುಂಡ ರಾವ್, ಹುಡುಗರಿಗಾಗಿ ಬೇರೊಂದು ಪತ್ರಿಕೆ ತೆಗೆಯಬೇಕೆಂದು ಗುರುಗಳಿಗೆ ಬರೆದರು. ಅದಕ್ಕೆ ನ್ಯೂಯಾರ್ಕಿನಿಂದ 1896ರ ಏಪ್ರಿಲ್‌ನಲ್ಲಿ ಬಂದ ಉತ್ತರವನ್ನು ನಾನು ಎಲ್ಲ ಉಪಸಂಪಾದಕರ ಮೇಜಿನ ಗಾಜಿನಡಿ ಇಡಿಸಬೇಕೆಂದಿದ್ದೇನೆ. ಅದರ ಸಾರ ಇಷ್ಟು: ಪತ್ರಿಕೆಯನ್ನು ಪಾಂಡಿತ್ಯದ ಪತ್ರಿಕೆ ಮಾಡಲು ಹೋಗಬೇಡಿ, ಅದಕ್ಕೆ ‘ಬ್ರಹ್ಮವಾದಿನ್’ ಇದೆ. ಸಾಧ್ಯವಾದಷ್ಟೂ ಸರಳ ಭಾಷೆಯಿರಲಿ. ಸಂಸ್ಕೃತ ಸಾಹಿತ್ಯದ ತುಂಬ ಚೆಲ್ಲಿಕೊಂಡಿರುವ ಕಥೆಗಳನ್ನು ಮತ್ತೆ ಬರೆಯಿಸಿ, ಕಥೆಯ ಮೂಲಕ ತತ್ತ್ವ ಹೇಳಿ. ಒಣ ತತ್ತ್ವಮೀಮಾಂಸೆ ಬೇಡವೇ ಬೇಡ. ಪುರುಸೊತ್ತು ಸಿಕ್ಕಾಗ ನಾನೂ ಕಥೆ ಬರೆದುಕೊಡುತ್ತೇನೆ ಎಂದೂ ಸೇರಿಸಿದ್ದಾರೆ. ಪುರುಸೊತ್ತು ಸಿಕ್ಕಾಗ! ಸಂಪಾದಕರಾದವರೆಲ್ಲ ಈ ಷರತ್ತನ್ನು ಬಲ್ಲರು.

ಹೆಸರನ್ನು ಆರಿಸಿದವರೂ ಅವರೇ. ‘ಪ್ರಬುದ್ಧ’ದೊಳಗೆ ‘ಬುದ್ಧ’ ಕುಳಿತಿರುವುದು ಅವರಿಗೆ ಇಷ್ಟವಾಗಿತ್ತು. ಹಿಂದೂಗಳ ಮನಸ್ಸೂ ನೋಯುವುದಿಲ್ಲ, ಬೌದ್ಧರೂ ಹತ್ತಿರ ಬರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಒಂದು ಹೆಸರಿನಲ್ಲಿ ನಿದ್ದೆಯಿಂದ ಎದ್ದವನೂ ಸಿಕ್ಕ, ಗೌತಮನೂ ಸಿಕ್ಕ. 1896ರ ಜುಲೈನಲ್ಲಿ ಮೊದಲ ಸಂಚಿಕೆ ಬಂತು.

ಅದೇ ಜುಲೈ 14ರಂದು ಇಂಗ್ಲೆಂಡಿನಿಂದ ಮತ್ತೊಂದು ಪತ್ರ. ಪತ್ರಿಕೆ ಚೆನ್ನಾಗಿದೆ, ಇಲ್ಲಿನವರಿಗೂ ಹಂಚಿದ್ದೇನೆ ಎಂದು ಶುರು. ಮುಖಪುಟದ ವಿಷಯಕ್ಕೆ ಬಂದ ಕೂಡಲೇ ಸ್ವಾಮಿಗಳು ಸನ್ಯಾಸ ಮರೆತಂತೆ ಬೈದಿದ್ದಾರೆ. ಘೋರವಾಗಿದೆ, ವಿಕಾರವಾಗಿದೆ, ಸಾಧ್ಯವಿದ್ದರೆ ಬದಲಾಯಿಸಿ. ಆ ಮುಖಪುಟದಲ್ಲಿ ಏನೇನಿತ್ತು ಎಂಬುದು ಬೈಗುಳದಿಂದಲೇ ತಿಳಿಯುತ್ತದೆ: ಒಂದು ಆಲದ ಮರ, ಒಂದು ಬೆಟ್ಟ, ಒಬ್ಬ ಋಷಿ, ಸಾಲದ್ದಕ್ಕೆ ಯುರೋಪಿನ ಒಂದು ದಂಪತಿ. ಆಲದ ಮರ ಎಚ್ಚರದ ಸಂಕೇತವಲ್ಲ, ಬೆಟ್ಟವೂ ಅಲ್ಲ, ಋಷಿಯೂ ಅಲ್ಲ, ಆ ದಂಪತಿಯಂತೂ ಅಲ್ಲವೇ ಅಲ್ಲ. ಕಮಲ ಹಾಕಿ, ಅದು ಮರುಹುಟ್ಟಿನ ಗುರುತು. ಇಲ್ಲವೇ ವಸಂತದಲ್ಲಿ ಕಾಡು ಚಿಗುರುವ ಚಿತ್ರ ಬರೆಸಿ. ಮನುಷ್ಯರ ಆಕೃತಿ ಬೇಡ.

ಇದನ್ನು ಓದಿ ನಾನು ಅಟ್ಟದಲ್ಲಿ ಒಬ್ಬನೇ ನಕ್ಕೆ. ಪಾಪ, ಆ ಮದರಾಸಿನ ಗೆಳೆಯರು! ಎಷ್ಟು ಸಂಜೆ ಕುಳಿತು ಚರ್ಚಿಸಿ ಆ ಚಿತ್ರ ಮಾಡಿಸಿದ್ದರೋ. ಒಬ್ಬ ‘ನಮ್ಮ ಪರಂಪರೆ ಬರಲಿ’ ಎಂದಿರಬೇಕು, ಆಲ ಬಂತು. ಇನ್ನೊಬ್ಬ ‘ಹಿಮಾಲಯ ಬಿಡಲಾದೀತೇ’ ಎಂದ, ಬೆಟ್ಟ ಬಂತು. ಮೂರನೆಯವ ‘ಪತ್ರಿಕೆ ಪಶ್ಚಿಮಕ್ಕೂ ಹೋಗುತ್ತದಲ್ಲ’ ಎಂದು ದಂಪತಿಯನ್ನು ಸೇರಿಸಿದ. ನಮ್ಮ ಪತ್ರಿಕೆಯ ಮೊದಲ ಮುಖಪುಟವೂ ಹೀಗೆಯೇ ಆಗಿತ್ತು. ಹಣತೆ, ಪುಸ್ತಕ, ತಕ್ಕಡಿ, ಗೂಬೆ, ಪ್ರಶ್ನಾರ್ಥಕ ಚಿಹ್ನೆ, ಎಲ್ಲವೂ ಒಂದೇ ಚೌಕದಲ್ಲಿ. ಗೂಬೆಯನ್ನು ನೋಡಿ ಮೂವರು ಚಂದಾದಾರರು ಅಪಶಕುನ ಎಂದು ಕಾಗದ ಬರೆದರು. ಆದರೆ ಇಂಗ್ಲೆಂಡಿನಿಂದ ಬೈಯುವವರು ನಮಗೆ ಯಾರೂ ಇರಲಿಲ್ಲ.

ಈ ಪತ್ರಿಕೆಯ ಮೊದಲ ಸಂಪಾದಕನ ವಯಸ್ಸು 24. ಬಿ. ಆರ್. ರಾಜಂ ಅಯ್ಯರ್. ಮದುರೆಯ ಕಡೆಯ ವತ್ತಲಗುಂಡು ಎಂಬ ಊರಿನವರು, 1872ರಲ್ಲಿ ಹುಟ್ಟಿದವರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ವಯಸ್ಸಲ್ಲ, ಅವರ ಹಿಂದಿನ ಕಸುಬು. ಈತ ಕಾದಂಬರಿಕಾರ. ತಮಿಳಿನ ಆರಂಭದ ಕಾದಂಬರಿಗಳನ್ನು ಎಣಿಸುವವರು ಇವರ ‘ಕಮಲಾಂಬಾಳ್ ಚರಿತ್ರಂ’ ಹೆಸರನ್ನು ಬಿಡುವುದಿಲ್ಲ. 1893ರಿಂದ ‘ವಿವೇಕ ಚಿಂತಾಮಣಿ’ ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಹಳ್ಳಿಯ ಅಗ್ರಹಾರ, ಹೊಳೆದಂಡೆಯ ಚಾಡಿಮಾತು, ಒಂದು ಅಪವಾದದಿಂದ ಒಡೆಯುವ ಮನೆ, ಪಂಡಿತರ ಒಣಜಂಬ. ಹೆಂಗಸರು ನೀರು ತರಲು ಹೋದಾಗ ಆಡುವ ಮಾತನ್ನು ಕಿವಿಗೊಟ್ಟು ಕೇಳಿ ಬರೆದ ಹುಡುಗನ ಕೈಗೆ ವೇದಾಂತದ ಪತ್ರಿಕೆಯನ್ನು ಕೊಟ್ಟರು.

ಇದು ಆಕಸ್ಮಿಕವೋ ಜಾಣತನವೋ ನಾನು ಹೇಳಲಾರೆ. ಅದರ ಫಲವನ್ನು ಮಾತ್ರ ನೋಡಬಹುದು. ರಾಜಂ ಅಯ್ಯರ್ ತಮ್ಮ ಹೆಸರಿನಲ್ಲೂ ಹಲವು ಗುಪ್ತನಾಮಗಳಲ್ಲೂ ಸಂಚಿಕೆಯ ಬಹುಪಾಲನ್ನು ತಾವೇ ಬರೆದು ತುಂಬಿಸುತ್ತಿದ್ದರು. ಕಿರುಪತ್ರಿಕೆಯ ಸಂಪಾದಕರಿಗೆಲ್ಲ ಈ ವಿದ್ಯೆ ಬರುತ್ತದೆ. ನಾನೂ ಎರಡು ಹೆಸರಿನಲ್ಲಿ ಬರೆದು, ಮೂರನೆಯ ಹೆಸರಿನಲ್ಲಿ ಅವೆರಡನ್ನೂ ಖಂಡಿಸಿದ್ದುಂಟು. ಆ ಬರಹಗಳನ್ನೆಲ್ಲ ಒಟ್ಟುಮಾಡಿ 1905ರಲ್ಲಿ ‘ರ‍್ಯಾಂಬಲ್ಸ್ ಇನ್ ವೇದಾಂತ’ ಎಂಬ ದಪ್ಪ ಪುಸ್ತಕ ಮಾಡಿದರು. ಹೆಸರೇ ನೋಡಿ, ವೇದಾಂತದಲ್ಲಿ ಸುತ್ತಾಟ. ಗುರಿಯಿಟ್ಟು ಹೊರಟ ಯಾತ್ರೆಯಲ್ಲ, ಸಂಜೆ ಹೊತ್ತು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ತಿರುಗಾಡಿ ಬರುವುದು.

ಅದರಲ್ಲಿ ನಂದನಾರ್ ಕಥೆಯಿದೆ. ಹೊಲೆಯನಾಗಿ ಹುಟ್ಟಿ, ಚಿದಂಬರದ ನಟರಾಜನನ್ನು ನೋಡುವ ಹಂಬಲದಲ್ಲಿ ‘ನಾಳೆ ಹೋಗುತ್ತೇನೆ, ನಾಳೆ ಹೋಗುತ್ತೇನೆ’ ಎನ್ನುತ್ತ ಬದುಕಿದವನು. ತಮಿಳುನಾಡಿನಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಆದರೆ 1896ರಲ್ಲಿ, ಮದರಾಸಿನ ಬ್ರಾಹ್ಮಣ ಪದವೀಧರರು ನಡೆಸುವ, ಅವರಂಥವರೇ ಓದುವ ಇಂಗ್ಲಿಷ್ ಪತ್ರಿಕೆಯಲ್ಲಿ, ಅದ್ವೈತ ಎಂದರೇನು ಎನ್ನುವುದಕ್ಕೆ ಉದಾಹರಣೆಯಾಗಿ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟ ಕೂಲಿಯಾಳನ್ನು ತಂದು ಕೂರಿಸುವುದು ಸಣ್ಣ ಮಾತಲ್ಲ. ‘ಬ್ರಹ್ಮವಾದಿನ್’ನಲ್ಲಿ ಭೇದವಿಲ್ಲ ಎಂಬುದು ಸಿದ್ಧಾಂತವಾಗಿತ್ತು. ಇಲ್ಲಿ ಅದು ಒಬ್ಬ ಮನುಷ್ಯನ ಕಾಲುನೋವಾಯಿತು. ಕಥೆಯ ಕೊನೆಯಲ್ಲಿ ನಂದನಾರ್ ಬೆಂಕಿಯನ್ನು ಹಾದೇ ಒಳಗೆ ಹೋಗಬೇಕಾಗುತ್ತದೆ ಎನ್ನುವುದು ಪುರಾಣದ ಜಾಣತನ, ಅದಕ್ಕೆ ನನ್ನ ತಕರಾರಿದೆ. ಆ ತಕರಾರು ಹುಟ್ಟುವುದಕ್ಕಾದರೂ ಕಥೆ ಬೇಕಾಯಿತಲ್ಲ. ಸೂತ್ರ ಓದಿದ್ದರೆ ನಾನು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ರಾಜಂ ಅಯ್ಯರ್ 1898ರ ಮೇ ತಿಂಗಳಲ್ಲಿ ತೀರಿಕೊಂಡರು. ಇಪ್ಪತ್ತಾರು ವರ್ಷ. ಜೂನ್ ಸಂಚಿಕೆಗೆ ಮದರಾಸಿನ ‘ಪ್ರಬುದ್ಧ ಭಾರತ’ ನಿಂತುಹೋಯಿತು. ಎರಡು ವರ್ಷ, ಇಪ್ಪತ್ತನಾಲ್ಕು ಸಂಚಿಕೆ. ನಮ್ಮದಕ್ಕಿಂತ ಎರಡು ವರ್ಷ ಕಡಿಮೆ, ಎಂದು ಒಂದು ಕ್ಷಣ ಲೆಕ್ಕ ಹಾಕಿದೆ. ಸಾಮಾನ್ಯವಾಗಿ ಇಂಥ ಪತ್ರಿಕೆಯ ಕಥೆ ಇಲ್ಲಿಗೆ ಮುಗಿಯಬೇಕು.

ಆಗ ವಿವೇಕಾನಂದರು ಇದ್ದದ್ದು ಹಿಮಾಲಯದ ಅಲ್ಮೋರದಲ್ಲಿ. ಅದೇ ದಿನಗಳಲ್ಲಿ ಅವರ ಉಪನ್ಯಾಸಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಗುಡ್‌ವಿನ್ ಊಟಿಯಲ್ಲಿ ತೀರಿಕೊಂಡ ಸುದ್ದಿಯೂ ಬಂತು. ಬರೆದುಕೊಳ್ಳುವವನೂ ಹೋದ, ಅಚ್ಚು ಹಾಕುವವನೂ ಹೋದ. ಜೊತೆಯಲ್ಲಿದ್ದ ನಿವೇದಿತಾ, ಈ ಪತ್ರಿಕೆಯ ಮೇಲೆ ಸ್ವಾಮೀಜಿಗೆ ವಿಶೇಷ ಮಮತೆ ಇತ್ತು ಎಂದು ದಾಖಲಿಸಿದ್ದಾರೆ. ಹೊಸ ಭಾರತದ ಶಿಕ್ಷಣದಲ್ಲಿ ನಿಯತಕಾಲಿಕದ ಬೆಲೆ ಎಷ್ಟೆಂದು ಅವರಿಗೆ ಗೊತ್ತಿತ್ತಂತೆ. ಸೈನ್ಯದಿಂದ ನಿವೃತ್ತರಾಗಿದ್ದ ಇಂಗ್ಲಿಷ್ ಶಿಷ್ಯ ಕ್ಯಾಪ್ಟನ್ ಸೇವಿಯರ್ ಖರ್ಚು ಹೊರಲು ಮುಂದಾದರು. ಸನ್ಯಾಸಿ ಶಿಷ್ಯ ಸ್ವರೂಪಾನಂದರು ಸಂಪಾದಕರಾದರು. ಒಂದು ಕೈಮುದ್ರಣ ಯಂತ್ರ, ಅಚ್ಚಿನ ಮೊಳೆ, ಮಸಿ, ಕಾಗದ ಎಲ್ಲ ಬೆಟ್ಟ ಹತ್ತಿ ಬಂದವು. 1898ರ ಆಗಸ್ಟ್ ಸಂಚಿಕೆ ಅಲ್ಮೋರದಿಂದ ಹೊರಬಿತ್ತು. ಮಧ್ಯೆ ತಪ್ಪಿದ್ದು ಜುಲೈ ಒಂದೇ. ಅದಕ್ಕೆಂದು ವಿವೇಕಾನಂದರು ಬರೆದ ಇಂಗ್ಲಿಷ್ ಪದ್ಯ ಆರಂಭವಾಗುವುದೇ, ಮತ್ತೆ ಏಳು, ಅದು ನಿದ್ದೆಯಾಗಿತ್ತು, ಸಾವಲ್ಲ ಎಂಬ ಭಾವದಿಂದ. ಎಲ್ಲರೂ ಅದನ್ನು ದೇಶಕ್ಕೆ ಹೇಳಿದ ಮಾತೆಂದು ಓದುತ್ತಾರೆ. ಪತ್ರಿಕೆ ನಿಂತುಹೋದ ನೋವು ಗೊತ್ತಿರುವ ನಾನು ಪತ್ರಿಕೆಗೇ ಹೇಳಿದ್ದೆಂದು ಓದುತ್ತೇನೆ. ಎರಡೂ ಸರಿಯಿರಬಹುದು.

ಮರುವರ್ಷ, 1899ರ ಮಾರ್ಚ್‌ನಲ್ಲಿ, ಯಂತ್ರ ಮತ್ತೆ ಎದ್ದು ಹೊರಟಿತು. ಈ ಸಲ ಅಲ್ಮೋರದಿಂದ ಪೂರ್ವಕ್ಕೆ ಸುಮಾರು 50 ಮೈಲಿ ದೂರದ ಮಾಯಾವತಿಗೆ. ದೇವದಾರು ಕಾಡಿನ ನಡುವೆ, 6,400 ಅಡಿ ಎತ್ತರದಲ್ಲಿದ್ದ ಒಂದು ಹಳೆಯ ಚಹಾ ತೋಟವನ್ನು ಕೊಂಡು ಸೇವಿಯರ್ ದಂಪತಿ ಅಲ್ಲಿ ಅದ್ವೈತ ಆಶ್ರಮ ಮಾಡಿದ್ದರು. ಮೊದಲ ಮುಖಪುಟದ ಯುರೋಪಿನ ದಂಪತಿ, ಬೆಟ್ಟ ಮತ್ತು ಋಷಿ ಈಗ ನಿಜವಾಗಿಯೇ ಒಂದೆಡೆ ಸೇರಿದಂತಾಯಿತು. ಆ ಚಿತ್ರ ಬರೆಸಿದವರು ಇದನ್ನು ಗಮನಿಸಿ ಒಳಗೊಳಗೇ ನಕ್ಕಿರಲಿಕ್ಕೂ ಸಾಕು.

ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ನೋಡಿದವರು ಈಗ ಕಡಿಮೆ. ನಮ್ಮ ಪತ್ರಿಕೆ ಶುರುವಾದಾಗ ಊರಿನಲ್ಲಿ ಇನ್ನೂ ಒಂದು ಮೊಳೆಯ ಪ್ರೆಸ್ಸು ಉಳಿದಿತ್ತು. ಮರದ ಖಾನೆಗಳಿಂದ ಒಂದೊಂದೇ ಸೀಸದ ಅಕ್ಷರವನ್ನು ಆರಿಸಿ, ತಲೆಕೆಳಗಾಗಿ ಸಾಲು ಕಟ್ಟಿ, ಗ್ಯಾಲಿಗೆ ಇಳಿಸಿ, ದಾರದಿಂದ ಬಿಗಿಯುವುದು. ಒಂದು ಪುಟ ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಅವವುಗಳ ಖಾನೆಗೆ ಹಾಕದಿದ್ದರೆ ಮುಂದಿನ ಪುಟಕ್ಕೆ ಅಕ್ಷರವಿರುವುದಿಲ್ಲ. ಅಲ್ಲಿನ ಹಿರಿಯ ಕಂಪೋಸಿಟರ್ ಒಮ್ಮೆ ನನ್ನ ಲೇಖನ ಜೋಡಿಸುತ್ತ, ಕತ್ತೆತ್ತದೆಯೇ, ‘ಸ್ವಾಮಿ, ಈ ಅಸ್ತಿತ್ವ ಅನ್ನುವುದನ್ನು ಇಷ್ಟು ಸಲ ಬರೆದರೆ ತ-ಕ್ಕೆ ವ ಒತ್ತು ಸಾಲುವುದಿಲ್ಲ’ ಎಂದರು. ನಾನು ನಾಲ್ಕು ಕಡೆ ‘ಇರುವಿಕೆ’ ಎಂದು ತಿದ್ದಿದೆ. ಲೇಖನ ಉತ್ತಮವಾಯಿತು. ತತ್ತ್ವಶಾಸ್ತ್ರವನ್ನು ಜನಪ್ರಿಯಗೊಳಿಸುವುದರಲ್ಲಿ ಮೊಳೆಗಳ ಕೊರತೆಯ ಪಾತ್ರವನ್ನು ಯಾರಾದರೂ ಬರೆಯಬೇಕು.

ಆ ಸೀಸ, ಆ ಕಬ್ಬಿಣವನ್ನು ಮಾಯಾವತಿಯ ಕಾಡಿಗೆ ಹೊತ್ತೊಯ್ದರು ಎನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಆಶ್ಚರ್ಯ. ರೈಲು ಕಾಠಗೋದಾಮಿಗೇ ನಿಲ್ಲುತ್ತಿತ್ತು. ಅಲ್ಲಿಂದ ಕಾಲುದಾರಿ, ಕುದುರೆ, ಡೋಲಿ. 1900ರ ಅಕ್ಟೋಬರಿನಲ್ಲಿ ಕ್ಯಾಪ್ಟನ್ ಸೇವಿಯರ್ ತೀರಿಕೊಂಡಾಗ ಅವರ ಪತ್ನಿಯನ್ನು ಕಾಣಲೆಂದು ವಿವೇಕಾನಂದರು ಡಿಸೆಂಬರ್ ಕೊನೆಯಲ್ಲಿ ಹಿಮದಲ್ಲೇ ಹೊರಟು ಜನವರಿ 3ಕ್ಕೆ ತಲುಪಿದರು. ಕಾಯಿಲೆಯ ಮೈ. ಹದಿನೈದು ದಿನ ಇದ್ದರು, ಹೆಚ್ಚಿನ ಹೊತ್ತು ಹಿಮದಿಂದಾಗಿ ಮನೆಯೊಳಗೇ. ಆ ಹದಿನೈದು ದಿನಗಳಲ್ಲಿ ಪತ್ರಿಕೆಗೆ ಮೂರು ಲೇಖನ ಬರೆದುಕೊಟ್ಟರು. ಒಂದು ಆರ್ಯರು ಮತ್ತು ತಮಿಳರ ಬಗ್ಗೆ, ಇನ್ನೊಂದು ಸಮಾಜ ಸುಧಾರಣೆಯ ಸಮ್ಮೇಳನದಲ್ಲಿ ರಾನಡೆ ಮಾಡಿದ ಭಾಷಣಕ್ಕೆ ಉತ್ತರ, ಮತ್ತೊಂದು ಥಿಯಾಸಫಿಯ ಮೇಲೆ. ಮೂರೂ ಜಗಳದ ಬರಹಗಳೇ. ‘ಪುರುಸೊತ್ತು ಸಿಕ್ಕಾಗ’ ಎಂದಿದ್ದರಲ್ಲ, ಹಿಮ ಬಿದ್ದು ಪುರುಸೊತ್ತು ಸಿಕ್ಕಿತು. ಕಥೆಗಳನ್ನಲ್ಲ, ಖಂಡನೆಗಳನ್ನು ಬರೆದರು. ಕಥೆ ಹೇಳಿ ಎಂದು ಬೇರೆಯವರಿಗೆ ಹೇಳುವುದು ಸುಲಭ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸ್ವರೂಪಾನಂದರು 1906ರಲ್ಲಿ ತೀರಿಕೊಂಡರು. ಆಮೇಲೆ ಒಬ್ಬರಾದ ಮೇಲೊಬ್ಬ ಸನ್ಯಾಸಿಗಳು ಸಂಪಾದಕರಾದರು. ಇಪ್ಪತ್ತರ ದಶಕದ ಕೊನೆಯಲ್ಲಿ ಸಂಪಾದಕರಾಗಿದ್ದ ಅಶೋಕಾನಂದರು ಫ್ರಾನ್ಸಿನ ಲೇಖಕ ರೊಮೇನ್ ರೊಲಾನರೊಂದಿಗೆ ಪತ್ರಗಳಲ್ಲಿ ವಾದಿಸಿದರು, ಪತ್ರಿಕೆ ಆಗ ಚುರುಕಾಗಿತ್ತು. ಅಚ್ಚಿನ ಕೆಲಸ ಕಲ್ಕತ್ತೆಗೆ ಇಳಿಯಿತು, ಸಂಪಾದಕರು ಬೆಟ್ಟದ ಮೇಲೆಯೇ ಉಳಿದರು. ‘ಬ್ರಹ್ಮವಾದಿನ್’ ಅಳಸಿಂಗರ ನಿಧನದ ನಂತರ ಹೆಚ್ಚು ಕಾಲ ಬಾಳಲಿಲ್ಲ. 1914ರಲ್ಲಿ ಅದರ ಜಾಗಕ್ಕೆ ‘ವೇದಾಂತ ಕೇಸರಿ’ ಬಂತು. ಪಂಡಿತರ ಪತ್ರಿಕೆ ನಿಂತಿತು, ಹುಡುಗರಿಗೆಂದು ಶುರುವಾದದ್ದು ಉಳಿಯಿತು.

ಉಳಿದದ್ದೇನೋ ಉಳಿಯಿತು. ಆದರೆ ಅಜ್ಜನ ಕಟ್ಟಿನಲ್ಲಿ ಇದ್ದದ್ದು ರಾಜಂ ಅಯ್ಯರ್ ಪತ್ರಿಕೆಯಲ್ಲ. ಅರವತ್ತರ ದಶಕದ ಒಂದು ಸಂಚಿಕೆ ತೆಗೆದರೆ, ತಲೆಯ ಮೇಲೆ ಕಠೋಪನಿಷತ್ತಿನ ‘ಉತ್ತಿಷ್ಠತ ಜಾಗ್ರತ’, ಕೆಳಗೆ ಗಂಭೀರ ಸಂಪಾದಕೀಯ, ಆಮೇಲೆ ಕಾಲೇಜು ಪ್ರಾಧ್ಯಾಪಕರ ಲೇಖನಗಳು, ಅಡಿಟಿಪ್ಪಣಿಗಳು, ಕೊನೆಗೆ ಪುಸ್ತಕ ವಿಮರ್ಶೆ ಮತ್ತು ಆಶ್ರಮಗಳ ವರದಿ. ಒಳ್ಳೆಯ ಲೇಖನಗಳಿಲ್ಲ ಎಂದಲ್ಲ. ಆದರೆ ನಂದನಾರ್ ಕಾಣೆ. ‘ಬ್ರಹ್ಮವಾದಿನ್’ ಸತ್ತ ಮೇಲೆ ಅದರ ಜೀವ ಇದರೊಳಗೆ ಹೊಕ್ಕಂತೆ ನನಗೆ ಅನ್ನಿಸಿತು. ಇದಕ್ಕೆ ಯಾರನ್ನೂ ದೂರಬೇಕಿಲ್ಲ. ಪತ್ರಿಕೆಗೆ ವಯಸ್ಸಾದಂತೆ ಅದಕ್ಕೂ ಮರ್ಯಾದೆ ಬಂದುಬಿಡುತ್ತದೆ, ಮರ್ಯಾದಸ್ಥರು ಕಥೆ ಹೇಳಲು ಹಿಂಜರಿಯುತ್ತಾರೆ. ಹೆಸರು ಕನ್ನಡದ ಅರ್ಥಕ್ಕೆ ಬಂದಿತ್ತು ಎನ್ನಬಹುದೇನೋ: ಎಚ್ಚೆತ್ತದ್ದು ಬಲಿತಿತ್ತು.

ಆ ಹೆಸರಿನ ನೆರಳು ನಮ್ಮಲ್ಲೂ ಬಿದ್ದಿದೆಯೇ ಎಂದು ಯೋಚಿಸುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ ‘ಪ್ರಬುದ್ಧ ಕರ್ನಾಟಕ’ ನೆನಪಿರಬೇಕಲ್ಲ. ಹೊಸಗನ್ನಡ ಸಾಹಿತ್ಯದ ತೊಟ್ಟಿಲುಗಳಲ್ಲಿ ಒಂದು. ಅಲ್ಲಿಯೂ ‘ಪ್ರಬುದ್ಧ’ ಎಂದರೆ ಎಚ್ಚೆತ್ತದ್ದೇ. ಅದೂ ಸಾಹಿತ್ಯ ಬಲ್ಲವರು ಕನ್ನಡದಲ್ಲಿ ಏನು ಬರೆಯಬಹುದು, ಯಾವ ಕನ್ನಡದಲ್ಲಿ ಬರೆಯಬೇಕು ಎಂದು ಕೈ ಪಳಗಿಸಿಕೊಂಡ ಜಾಗ. ಭಾಷೆಯ ಈ ಪ್ರಶ್ನೆ ವಿವೇಕಾನಂದರನ್ನೂ ಕಾಡಿತ್ತು. 1899ರ ಜನವರಿಯಲ್ಲಿ ಶುರುವಾದ ಬಂಗಾಳಿ ಪತ್ರಿಕೆ ‘ಉದ್ಬೋಧನ’ಕ್ಕೆ ಬರೆಯುತ್ತ, ಮನೆಯಲ್ಲಿ ಆಡುವ ಭಾಷೆಯಲ್ಲಿ ತತ್ತ್ವ ಹೇಳಲು ಆಗದಿದ್ದರೆ ನೀವು ಯೋಚಿಸುವುದು ಯಾವ ಭಾಷೆಯಲ್ಲಿ ಎಂದು ಜಗಳ ತೆಗೆದಿದ್ದರು. ಆ ಹಡಗಿನ ಅವಲಕ್ಕಿಯ ಪ್ರಸಂಗವೂ ಬಂದದ್ದು ಇದೇ ‘ಉದ್ಬೋಧನ’ದಲ್ಲಿ, ಆಡುಮಾತಿನ ಬಂಗಾಳಿಯಲ್ಲಿ.

ಹಾಗೆ ನೋಡಿದರೆ ‘ಪ್ರಬುದ್ಧ ಭಾರತ’ಕ್ಕೆ ಒಂದು ಮೂಲ ತೊಡಕು ಇದ್ದೇ ಇತ್ತು. ಸರಳ ಭಾಷೆ ಎಂದರು, ಆದರೆ ಇಂಗ್ಲಿಷ್. ಸಾಮಾನ್ಯ ಓದುಗ ಎಂದರು, ಆದರೆ ಮೆಟ್ರಿಕ್ ದಾಟಿದವನು. ಇಂಗ್ಲೆಂಡಿನಲ್ಲಿ 1991ರಲ್ಲಿ ‘ಫಿಲಾಸಫಿ ನೌ’ ಶುರು ಮಾಡಿದ ರಿಕ್ ಲೂಯಿಸ್ ಆಗಲಿ, 2006ರಲ್ಲಿ ಫ್ರಾನ್ಸಿನಲ್ಲಿ ‘ಫಿಲಾಸಫಿ ಮ್ಯಾಗಜೀನ್’ ತೆಗೆದವರಾಗಲಿ ತಮ್ಮ ಓದುಗರ ಮನೆಮಾತಿನಲ್ಲೇ ಮಾತಾಡಿದರು. ನಮ್ಮ ಕಡೆ ಪತ್ರಿಕೆ ಅರ್ಧ ದಾರಿಗೆ ಬಂದು ನಿಂತಿತು. ಉಳಿದರ್ಧವನ್ನು ಓದುಗನೇ ನಡೆಯಬೇಕಾಯಿತು.

ಅಜ್ಜ ಹೇಗೆ ನಡೆದರು ಎಂಬುದು ಆ ಸಂಚಿಕೆಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿದೆ. ಪ್ರತಿ ಪುಟದಲ್ಲೂ ನಾಲ್ಕೈದು ಪದಗಳ ಕೆಳಗೆ ಗೆರೆ, ಪಕ್ಕದಲ್ಲಿ ಕನ್ನಡ. ಮೊದಲ ವರ್ಷಗಳಲ್ಲಿ ಅರ್ಥಗಳೆಲ್ಲ ನಿಘಂಟಿನವು. ‘ಪ್ರತ್ಯಕ್ಷ’, ‘ಅತೀತ’, ‘ನಿರುಪಾಧಿಕ’. ಕ್ರಮೇಣ ಬರವಣಿಗೆ ಬದಲಾಗುತ್ತದೆ. ಇಲ್ಲದ್ದನ್ನು ಇರುವುದರ ಮೇಲೆ ಹೊರಿಸಿ ನೋಡುವುದನ್ನು ಹೇಳುವ ಒಂದು ಉದ್ದನೆಯ ಇಂಗ್ಲಿಷ್ ಪದ ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕ ಮೊದಲು ‘ಅಧ್ಯಾಸ’ ಎಂದು ಬರೆದಿದ್ದಾರೆ. ಎರಡು ಸಂಚಿಕೆಯ ನಂತರ ಅದೇ ಪದಕ್ಕೆ ‘ಆರೋಪ’. ಆಮೇಲೆ ಅದನ್ನು ಹೊಡೆದುಹಾಕಿ ‘ಹಗ್ಗ–ಹಾವು’. ಕೊನೆಗೆ ಒಂದು ಕಡೆ, ಅಕ್ಷರ ಸ್ವಲ್ಪ ನಡುಗುತ್ತಿರುವಂತೆ, ‘ತಿಮ್ಮ ಕೊಟ್ಟಿಗೆಯಲ್ಲಿ ಕಿರುಚಿದ್ದು’ ಎಂದಿದೆ.

ತಿಮ್ಮ ಯಾರು, ಕೊಟ್ಟಿಗೆಯಲ್ಲಿ ಏನು ಕಂಡು ಕಿರುಚಿದ ಎಂದು ಅಮ್ಮನನ್ನು ಕೇಳಿದೆ. ಅಮ್ಮ ಬಹಳ ಹೊತ್ತು ನಕ್ಕರು. ತಿಮ್ಮ ಮನೆಯ ಆಳು. ಒಂದು ರಾತ್ರಿ ಹಸುವಿಗೆ ಹುಲ್ಲು ಹಾಕಲು ಹೋದವನು ನೊಗದ ಮಿಣಿ ನೋಡಿ ಹಾವೆಂದು ಕೂಗಿ, ಇಡೀ ಓಣಿ ದೊಣ್ಣೆ ಹಿಡಿದು ಓಡಿ ಬಂದಿತ್ತಂತೆ. ‘ಅದಲ್ಲ ತಮಾಷೆ’ ಎಂದರು ಅಮ್ಮ. ‘ಎಲ್ಲರೂ ನಕ್ಕು ಮನೆಗೆ ಹೋದ ಮೇಲೆ ನಿಮ್ಮಜ್ಜ ಲಾಟೀನು ಹಿಡಿದುಕೊಂಡು ಆ ಮಿಣಿಯ ಮುಂದೆ ಅರ್ಧ ಗಂಟೆ ಕುಳಿತಿದ್ದರು. ಊಟಕ್ಕೆ ಕರೆದರೆ, ತಡಿ, ಇದು ಅವನಿಗೆ ಯಾವ ಕಡೆಯಿಂದ ಹಾವಾಗಿ ಕಂಡಿತು ನೋಡುತ್ತಿದ್ದೇನೆ ಎಂದರು.’

ಆ ಸಂಚಿಕೆಯ ಅದೇ ಪುಟದ ಕೆಳಗೆ ಇನ್ನೊಂದು ಸಾಲಿದೆ. ಕೆಳಗೆ ಗೆರೆ ಎಳೆದ ಪದದ ಎದುರು ಅರ್ಥವಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ‘ರಾಯರನ್ನು ಕೇಳಬೇಕು’ ಎಂದಿದೆ. ಯಾವ ರಾಯರು ಎಂದು ಅಮ್ಮನಿಗೂ ಗೊತ್ತಿಲ್ಲ.